ಸಂಬಳದ ಸಾಲಿನಲ್ಲಿ ನಿಂತವನನ್ನು ನೋಡಿ ನಗಬಹುದೇ? ನಮ್ಮ ಆರು ಕಂತುಗಳ ಧಾರಾವಾಹಿಯ ಮೂರನೇ ಕಂತಿನ ಕುರಿತು

ಗೋರೆಗಾಂವ್ ಪೂರ್ವ

ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಮುಂಬಯಿಯ ಹಿಂದಿ ಚಿತ್ರರಂಗದ ತೆರೆಮರೆಯಲ್ಲಿ ದುಡಿಯುವ ನಮ್ಮ ಕಡೆಯ ಕನ್ನಡಿಗರನ್ನು ಕುರಿತು ನಾವು ಏಳು ಮಂದಿ ಸೇರಿ ಆರು ಕಂತುಗಳ ಧಾರಾವಾಹಿಯೊಂದನ್ನು ಮಾಡಿರುವುದು ಇಲ್ಲಿ ಹಲವರಿಗೆ ಗೊತ್ತಿದೆ. ಇದಕ್ಕೆ ಯಾವ ವಾಹಿನಿಯೂ ಯಾವ ಒಟಿಟಿ ಸಂಸ್ಥೆಯೂ ಹಣ ಹೂಡಿಲ್ಲ. ಎರಡು ವರ್ಷಗಳ ಕಾಲ, ಹೊಟ್ಟೆಪಾಡಿನ ಕೆಲಸಗಳ ನಡುವೆ ಬಿಡುವು ಸಿಕ್ಕಿದಾಗಲೆಲ್ಲ, ನಮ್ಮ ಉಳಿತಾಯವನ್ನೂ ಊರಿನವರು ನಂಬಿ ಕೊಟ್ಟ ಕೈಗಡವನ್ನೂ ಸೇರಿಸಿ ಒಟ್ಟು 31 ದಿನ ಚಿತ್ರೀಕರಣ ಮಾಡಿದೆವು. ಸಂಕಲನ ಮುಗಿದಿದೆ, ಧ್ವನಿ ಮಿಶ್ರಣ ಬಾಕಿಯಿದೆ.

ಕಥೆ ಹೀಗಿದೆ. ಕುಂದಾಪುರದ ಕಡೆಯಿಂದ ಬಂದು, ಹೋಟೆಲು ಮುಚ್ಚಿದ ಮೇಲೆ ಫಿಲ್ಮ್‌ಸಿಟಿಯ ಯೂನಿಟ್‌ಗಳಿಗೆ ಊಟ ಒದಗಿಸುವ ಒಬ್ಬ ಮಾವ. ಅದೇ ಸೆಟ್ಟಿನಲ್ಲಿ ಕಂಟಿನ್ಯುಯಿಟಿ (ಶಾಟಿನಿಂದ ಶಾಟಿಗೆ ಎಲ್ಲವೂ ಹೊಂದುವಂತೆ ಇಡುವ ಟಿಪ್ಪಣಿ) ಬರೆಯುವ ಸಹಾಯಕ ನಿರ್ದೇಶಕಿಯಾದ ಅವರ ಸೋದರ ಸೊಸೆ. ಒಂದೊಂದು ಕಂತೂ ಒಂದೊಂದು ಶೂಟಿಂಗ್ ದಿನ. ಮಾವನ ಉದ್ದರಿ ಪುಸ್ತಕದಲ್ಲಿ ನಿರ್ಮಾಪಕರ ಬಾಕಿ ಕಂತಿನಿಂದ ಕಂತಿಗೆ ಏರುತ್ತಾ ಹೋಗುತ್ತದೆ, ಊಟದ ತಟ್ಟೆಯಲ್ಲಿ ಪಲ್ಯ ಕಡಿಮೆಯಾಗುತ್ತಾ ಹೋಗುತ್ತದೆ. ನಗಿಸುತ್ತಲೇ ನೋಯಿಸಬೇಕೆಂಬುದು ನಮ್ಮ ಆಸೆಯಾಗಿತ್ತು.

ತೊಂದರೆ ಬಂದಿರುವುದು ಮೂರನೇ ಕಂತಿನಲ್ಲಿ. ಅದು ಪೇಮೆಂಟ್ ದಿನ. ಆಫೀಸಿನ ಬಾಗಿಲ ಹೊರಗೆ ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಜೂನಿಯರ್ ಆರ್ಟಿಸ್ಟರ ಸಾಲು. ಅದರಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಮುದುಕ. ನಲವತ್ತು ವರ್ಷಗಳಲ್ಲಿ ಅವನ ಪಾಲಿಗೆ ಬಂದದ್ದು ಒಂದೇ ಒಂದು ಮಾತು, 'ಸಾಹೇಬ್ ಆ ಗಯೇ' (ಸಾಹೇಬರು ಬಂದರು) ಎಂದು ಕೂಗುವುದು. ಬಾಗಿಲು ತೆರೆದಾಗಲೆಲ್ಲ ಅವನು ಅಭ್ಯಾಸಬಲದಿಂದ ಅದನ್ನೇ ಕೂಗುತ್ತಾನೆ. ಒಳಗಿನಿಂದ ಬರುವವನು ಸಾಹೇಬನಲ್ಲ, ಚಹಾದ ಹುಡುಗ. ಹೀಗೆ ಐದು ಸಲ. ಕಳೆದ ತಿಂಗಳು ಮಾಟುಂಗಾದ ಸ್ನೇಹಿತರೊಬ್ಬರ ಮನೆಯಲ್ಲಿ ಇಪ್ಪತ್ತು ಮಂದಿಗೆ ಇದನ್ನು ತೋರಿಸಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಹಿರಿಯರು ಮಾತ್ರ ಮೂರನೇ ಸಲಕ್ಕೆ ಎದ್ದು ಜಗಲಿಗೆ ಹೋದರು, ಕಂತು ಮುಗಿಯುವವರೆಗೂ ಒಳಗೆ ಬರಲಿಲ್ಲ. ಅಂದಿನಿಂದ ನನಗೆ ಆ ದೃಶ್ಯದ ಮೇಲೆ ನಂಬಿಕೆ ಹೋಗಿದೆ. ಉಳಿಸಬೇಕೇ, ತೆಗೆಯಬೇಕೇ? ಜೊತೆಗೆ, ಈ ಧಾರಾವಾಹಿಯನ್ನು ಜನರಿಗೆ ತಲುಪಿಸುವ ದಾರಿ ಯಾವುದು ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಮಾಟುಂಗಾ ಹಿರಿಯ

ತಮ್ಮಾ, ಎದ್ದು ಹೋದವನು ನಾನೇ. ನಿಮ್ಮೆಲ್ಲರ ಶ್ರಮವನ್ನು ಹೀಗಳೆಯುವ ಉದ್ದೇಶ ನನಗಿರಲಿಲ್ಲ. ಅಲ್ಲಿ ಕೂತಿರಲು ಆಗಲಿಲ್ಲ, ಅಷ್ಟೇ. ಹದಿನಾಲ್ಕನೇ ವಯಸ್ಸಿನಲ್ಲಿ ಈ ಊರಿಗೆ ಬಂದು, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಆಮೇಲೆ ಮೂವತ್ತು ವರ್ಷ ಸ್ಟುಡಿಯೋಗಳಲ್ಲಿ ದೀಪ ಹೊತ್ತವನು ನಾನು. ಆ ಸಾಲಿನಲ್ಲಿ ಎಷ್ಟು ಸಲ ನಿಂತಿದ್ದೇನೆಂಬ ಲೆಕ್ಕ ಇಟ್ಟಿಲ್ಲ. ಒಂದು ಚಿತ್ರದ ಹನ್ನೊಂದು ಶಿಫ್ಟಿನ ಹಣಕ್ಕಾಗಿ ಎಂಟು ತಿಂಗಳು ಅಲೆದದ್ದು ಮಾತ್ರ ಚೆನ್ನಾಗಿ ನೆನಪಿದೆ. ಕೊನೆಗೆ ಬಂದದ್ದು ಏಳು ಶಿಫ್ಟಿನ ಹಣ. ಆ ಚಿತ್ರ ಇಪ್ಪತ್ತೈದು ವಾರ ಓಡಿ ಬೆಳ್ಳಿಹಬ್ಬ ಆಚರಿಸಿತ್ತು.

ದೃಶ್ಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಅಂಥವರನ್ನು ಕಂಡಿದ್ದೇನೆ. ಆದರೆ ನಿಮ್ಮ ಕ್ಯಾಮೆರಾ ನಿಂತ ಜಾಗ ಸರಿಯಿಲ್ಲ. ಅದು ಆಫೀಸಿನ ಬಾಗಿಲಲ್ಲಿ ನಿಂತು ಸಾಲನ್ನು ನೋಡುತ್ತದೆ. ಅಲ್ಲಿಂದ ನೋಡುವವನು ಯಾರು? ಹಣ ಕೊಡದೆ ಕಾಯಿಸುವವನು. ಅವನ ಕಣ್ಣಿನಿಂದ ನೋಡಿದರೆ ಸಾಲಿನಲ್ಲಿ ನಿಂತವರೆಲ್ಲ ತಮಾಷೆಯಾಗಿಯೇ ಕಾಣುತ್ತಾರೆ.

ಇನ್ನೊಂದು ಮಾತು. ಸಿನಿಮಾ ಮಂದಿಯ ಕುರಿತು ಈ ಊರಿನಲ್ಲಿ ತೆಗೆದ ಚಿತ್ರಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು 1959ರ 'ಕಾಗಜ್ ಕೆ ಫೂಲ್'. ಅದರ ನಿರ್ದೇಶಕ, ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ; ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ; ಇಬ್ಬರೂ ನಮ್ಮ ಕಡೆಯವರೇ. ಖಾಲಿ ಸ್ಟುಡಿಯೋದೊಳಗೆ ಕಂಬದಂತೆ ಇಳಿಯುವ ಆ ಬೆಳಕಿನ ದೃಶ್ಯಕ್ಕೆ ಮೂರ್ತಿಯವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರು. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಅದು ಮೊದಲ ಸಲ. ನನಗೆ ಕಣ್ಣು ತುಂಬಿ ಬಂದಿತ್ತು. ಆದರೆ ದೀಪ ಹೊತ್ತವನಾದ ನಾನು ಆ ದೃಶ್ಯ ನೋಡಿದಾಗಲೆಲ್ಲ ಕೇಳಿಕೊಳ್ಳುವುದು ಬೇರೆ: ಸೂರ್ಯ ಸರಿದಂತೆ ಆ ಕನ್ನಡಿಗಳನ್ನು ತಿರುಗಿಸುತ್ತಾ ನಿಂತವರು ಯಾರು? ನಿಮ್ಮ ಧಾರಾವಾಹಿ ಅವರದಾಗಬೇಕು.

ಕೊತ್ರೂಡ್, ಪುಣೆ

ಹಿರಿಯರು ಹೇಳಿದ ಕ್ಯಾಮೆರಾದ ಜಾಗದ ಮಾತನ್ನೇ ನಾನು ಸಂಕಲನದ ಕಡೆಯಿಂದ ಮುಂದುವರಿಸುತ್ತೇನೆ. ನಾನು ಲಾ ಕಾಲೇಜ್ ರಸ್ತೆಯ ಚಲನಚಿತ್ರ ಸಂಸ್ಥೆಯಲ್ಲಿ ಸಂಕಲನ ಕಲಿತವಳು. 1933ರಲ್ಲಿ ಕೊಲ್ಹಾಪುರದಿಂದ ಪುಣೆಗೆ ಬಂದ ಪ್ರಭಾತ್ ಕಂಪೆನಿಯ ಸ್ಟುಡಿಯೋ ಅದು. 1960ರಲ್ಲಿ ಸರ್ಕಾರ ಅಲ್ಲಿ ಸಂಸ್ಥೆ ತೆರೆಯಿತು, ಮುಂದೆ ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು, ಗಿರೀಶ ಕಾಸರವಳ್ಳಿಯವರು ಅಲ್ಲಿಯೇ ಓದಿದರು. ಆ ಹಳೆಯ ಶೂಟಿಂಗ್ ಫ್ಲೋರಿನಲ್ಲಿ ಓಡಾಡುವಾಗ ನಮಗೆ ಹಿರಿಯ ವಿದ್ಯಾರ್ಥಿಗಳು ಹೇಳುತ್ತಿದ್ದ ಮೊದಲ ಸಂಗತಿ ಯಾವ ಚಿತ್ರದ್ದೂ ಅಲ್ಲ. ಪ್ರಭಾತ್‌ನಲ್ಲಿ ನಟರಿಂದ ಹಿಡಿದು ಬಡಗಿಯವರೆಗೆ ಎಲ್ಲರಿಗೂ ತಿಂಗಳ ಸಂಬಳವಿತ್ತು ಎಂಬುದು. ಬಹುಶಃ ಅದಕ್ಕೇ ನಿಮ್ಮ ಮೂರನೇ ಕಂತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರಿತು.

ಸಿನಿಮಾದ ಕುರಿತ ಸಿನಿಮಾಗಳು ಬಹುಮಟ್ಟಿಗೆ ನಿರ್ದೇಶಕನ ಅಥವಾ ತಾರೆಯ ದುರಂತಗಳೇ ಆಗಿರುತ್ತವೆ. ಆದರೆ ನಮ್ಮ ಸಿನಿಮಾದ ಹುಟ್ಟೇ ಅಡುಗೆಮನೆಯೊಂದಿಗೆ ಹೆಣೆದುಕೊಂಡಿದೆ. ಫಾಲ್ಕೆಯವರು 'ರಾಜಾ ಹರಿಶ್ಚಂದ್ರ' ಮಾಡುವಾಗ ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಒಪ್ಪದೆ, ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಸಾಳುಂಕೆ ಎಂಬ ಹುಡುಗನನ್ನು ಕರೆತಂದರು. ಇಡೀ ತಂಡಕ್ಕೆ ಅಡುಗೆ ಮಾಡಿದವರು ಹೆಂಡತಿ ಸರಸ್ವತಿಬಾಯಿ, ಒಡವೆ ಅಡವಿಟ್ಟವರೂ ಅವರೇ. 1913ರ ಮೇ 3ರಂದು ಗಿರಗಾಂವದ ಕೊರೊನೇಷನ್ ಚಿತ್ರಮಂದಿರದಲ್ಲಿ ಅದು ತೆರೆಕಂಡಿತು. ಆ ಕಥೆಯನ್ನು 2009ರಲ್ಲಿ ಪರೇಶ ಮೊಕಾಶಿಯವರು 'ಹರಿಶ್ಚಂದ್ರಾಚಿ ಫ್ಯಾಕ್ಟರಿ' ಎಂದು ಮರಾಠಿಯಲ್ಲಿ ಚಿತ್ರ ಮಾಡಿದಾಗ, ಬಡತನದ ನಡುವೆಯೂ ಮನೆಮಂದಿಯ ಲವಲವಿಕೆಯನ್ನೇ ಮುಂದಿಟ್ಟರು. ಅಲ್ಲಿ ನಾವು ಯಾರನ್ನು ನೋಡಿಯೂ ನಗುವುದಿಲ್ಲ, ಅವರ ಜೊತೆ ಸೇರಿ ನಗುತ್ತೇವೆ. ನಿಮ್ಮ ಮಾವನ ಅಡುಗೆಮನೆಯ ದೃಶ್ಯಗಳಲ್ಲಿ ಆ ಗುಣವಿದೆ. ಬಾಗಿಲ ಮುಂದಿನ ಸಾಲಿನಲ್ಲಿ ಅದು ತಪ್ಪಿದೆ.

ಕಾರಣ ಇಷ್ಟೇ. ಮುದುಕ ಕೂಗಿದ ತಕ್ಷಣ ನೀವು ಚಹಾದ ಹುಡುಗನಿಗೆ ಕಟ್ ಮಾಡುತ್ತೀರಿ, ನಗು ಬರುತ್ತದೆ, ಮತ್ತೆ ಸಾಲಿಗೆ ಬರುತ್ತೀರಿ. ಐದು ಸಲವೂ ಒಂದೇ ಅಳತೆ. ಐದನೆಯ ಸಲ ಕಟ್ ಮಾಡದೆ, ಕೂಗಿದವನ ಮುಖದ ಮೇಲೆಯೇ ಎಂಟು ಸೆಕೆಂಡು ನಿಲ್ಲಿ. ಆ ಶಾಟ್ ನಿಮ್ಮ ಬಳಿ ಇದೆಯೆಂದು ಊಹಿಸುತ್ತೇನೆ.

ಅಂಧೇರಿ, ಕಂಠದಾನ

ನಾನು ಹದಿನಾರು ವರ್ಷಗಳಿಂದ ಕಂಠದಾನ ಮಾಡುತ್ತಿದ್ದೇನೆ. ಮೊದಲೆಲ್ಲ ಮುಂಬಯಿಯಲ್ಲಿ ಕನ್ನಡದ ಕೆಲಸವೆಂದರೆ ಜಾಹೀರಾತು ಮಾತ್ರ. 2015ರಲ್ಲಿ ಸ್ಪರ್ಧಾ ಆಯೋಗವು ಕನ್ನಡಕ್ಕೆ ಡಬ್ಬಿಂಗ್ ಮಾಡುವುದನ್ನು ತಡೆಯುವುದು ತಪ್ಪೆಂದು ಆದೇಶ ಕೊಟ್ಟ ಮೇಲೆ ಧಾರಾವಾಹಿ, ಚಿತ್ರ, ಎಲ್ಲವೂ ಬರತೊಡಗಿದವು. ಆದ್ದರಿಂದ ನಾನು ಮಾತಿನ ಬಗ್ಗೆ ಮೊದಲು ಹೇಳುತ್ತೇನೆ. ಮಾವನ ಕುಂದಾಪುರ ಕನ್ನಡವನ್ನು ದಯವಿಟ್ಟು ಯಾರ ಒತ್ತಾಯಕ್ಕೂ 'ಎಲ್ಲರಿಗೂ ಅರ್ಥವಾಗುವಂತೆ' ತಿದ್ದಬೇಡಿ. ಅವರು ಲೈಟ್‌ಮನ್ ಜೊತೆ ಹಿಂದಿ, ತರಕಾರಿಯವನ ಜೊತೆ ಮರಾಠಿ, ಸೊಸೆಯ ಜೊತೆ ಊರಿನ ಕನ್ನಡ, ಫೋನಿನಲ್ಲಿ ಹಳೆಯ ಪಾಲುದಾರನ ಜೊತೆ ತುಳು ಆಡುವುದು ನಮ್ಮೆಲ್ಲರ ಮನೆಯ ಸಂಗತಿ. ಉಪಶೀರ್ಷಿಕೆ ಹಾಕಿ, ಮಾತನ್ನು ಮುಟ್ಟಬೇಡಿ.

ಮುದುಕನ ವಿಷಯ. ಇಡೀ ಕಂತಿನಲ್ಲಿ ಅವನು ಆಡುವುದು ಆ ಹಿಂದಿ ಮಾತೊಂದೇ. ಅವನಿಗೆ ತನ್ನದೆಂಬ ಮಾತು ಯಾವುದು? ಅವನು ಯಾವ ಊರಿನವನು, ಮನೆಯಲ್ಲಿ ಯಾವ ಭಾಷೆ? ಗುಂಪಿನ ಗದ್ದಲಕ್ಕೆ ಕಂಠ ಕೊಡುವವರನ್ನು ಸ್ಟುಡಿಯೋದಲ್ಲಿ ಸಾಲಾಗಿ ನಿಲ್ಲಿಸಿ 'ಏನಾದರೂ ಮಾತಾಡುತ್ತಿರಿ' ಎನ್ನುತ್ತಾರೆ. ಆಗ ಪ್ರತಿಯೊಬ್ಬರೂ ಆಡುವುದು ತಮ್ಮ ಮನೆಯ ಚಿಂತೆಯನ್ನೇ: ಮಗಳ ಶುಲ್ಕ, ನೀರಿನ ಬಿಲ್ಲು, ತಾಯಿಯ ಕಾಲುನೋವು. ಮಿಶ್ರಣದಲ್ಲಿ ಅದೆಲ್ಲ ಗುಜುಗುಜು ಆಗಿಬಿಡುತ್ತದೆ. ನಿಮ್ಮ ಮುದುಕನಿಗೂ ಹಾಗೆಯೇ ಆಗಿದೆ.

ಈಗ ನೇರವಾಗಿ ಕೇಳುತ್ತೇನೆ, ಬೇಸರಿಸಬೇಡಿ. ಆ ಸಾಲಿನಲ್ಲಿ ನಿಂತು ನಟಿಸಿದವರಿಗೆ ನೀವು ಹಣ ಕೊಟ್ಟಿದ್ದೀರಾ? ಯಾವಾಗ ಕೊಟ್ಟಿರಿ? ಟೆಲಿವಿಷನ್ ಕೆಲಸದಲ್ಲಿ ತೊಂಬತ್ತು ದಿನಗಳ ನಂತರ ಹಣ ಕೊಡುವುದೇ ರೂಢಿ ಎಂಬಂತಾಗಿದೆ. ಒಂದು ಸ್ಟುಡಿಯೋ ನನಗೆ ಕೊಡಬೇಕಾದದ್ದನ್ನು ಹದಿನಾಲ್ಕು ತಿಂಗಳ ನಂತರ, ಅದೂ ಮೂರು ಕಂತಿನಲ್ಲಿ ಕೊಟ್ಟಿತು. ಈ ಕಷ್ಟವನ್ನೇ ಕಥೆಯಾಗಿಸುವವರು ತಮ್ಮ ಸೆಟ್ಟಿನಲ್ಲಿ ಏನು ಮಾಡಿದರು ಎಂಬುದು ನನ್ನ ಮಟ್ಟಿಗೆ ಕಲೆಯ ಪ್ರಶ್ನೆಯೇ ಹೌದು.

ಗೋರೆಗಾಂವ್ ಪೂರ್ವ

ಅಕ್ಕಾ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಸೆಟ್ಟಿನ ಓಡಾಟದ ಕೆಲಸ ಮಾಡುವ ಸ್ಪಾಟ್ ದಾದಾಗಳು, ಲೈಟಿನವರು, ಜೂನಿಯರ್ ಆರ್ಟಿಸ್ಟರು, ಟೆಂಪೋ ಚಾಲಕ, ಇವರಿಗೆಲ್ಲ ಆಯಾ ದಿನ ಪ್ಯಾಕಪ್ ಆದ ಕೂಡಲೇ ಕೈಗೆ ಹಣ ಕೊಟ್ಟಿದ್ದೇವೆ. ಶಿಫ್ಟ್ ಹನ್ನೆರಡು ಗಂಟೆ ದಾಟಿದ್ದು ಎರಡೇ ದಿನ. ಆ ಎರಡು ದಿನವೂ ಹೆಚ್ಚಿನ ಹಣವನ್ನೂ ಮನೆಗೆ ಹೋಗುವ ಖರ್ಚನ್ನೂ ಕೊಟ್ಟೆವು. ಮುಖ್ಯ ನಟರು ಐದು ಮಂದಿ, ಬರಹಗಾರ್ತಿ, ಛಾಯಾಗ್ರಾಹಕ ಮತ್ತು ನಾನು ಹಣ ತೆಗೆದುಕೊಂಡಿಲ್ಲ. ಮುಂದೆ ಬಂದರೆ ಹಂಚಿಕೊಳ್ಳುವುದೆಂದು ಬಾಯಿಮಾತಿನ ಒಪ್ಪಂದವಿದೆ. ಸಂಕಲನದ ಇಬ್ಬರು ಸಹಾಯಕರಿಗೆ ಮಾತ್ರ ಅರ್ಧ ಹಣ ಬಾಕಿಯಿದೆ. ಅವರು ಬಾಯಿಬಿಟ್ಟು ಕೇಳಿಲ್ಲ. ಕೇಳಲಿಲ್ಲವೆಂಬ ಕಾರಣಕ್ಕೆ ನಾನು ಅದನ್ನು ಐದು ತಿಂಗಳಿನಿಂದ ಮುಂದಕ್ಕೆ ಹಾಕುತ್ತಾ ಬಂದೆ ಎಂಬುದು ನಿಮ್ಮ ಪ್ರಶ್ನೆ ಓದಿದ ಮೇಲೆ ಸ್ಪಷ್ಟವಾಯಿತು.

ಪುಣೆಯವರು ಕೇಳಿದ ಶಾಟ್ ನಮ್ಮ ಬಳಿ ಇದೆ, ಎಂಟಲ್ಲ, ಹನ್ನೊಂದು ಸೆಕೆಂಡು. ಆಟೋದ ಹಾರ್ನ್ ಬಿದ್ದಿದೆಯೆಂದು ಬಿಟ್ಟಿದ್ದೆವು.

ಠಾಣೆ, ಲೆಕ್ಕಪತ್ರ

ನಾನು ಸಿನಿಮಾದವನಲ್ಲ, ಸಣ್ಣ ನಿರ್ಮಾಪಕರ ಲೆಕ್ಕಪತ್ರ ನೋಡುವವನು. ಆದ್ದರಿಂದ ಎರಡನೆಯ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿ ಉತ್ತರಿಸುತ್ತೇನೆ.

ಬಾಯಿಮಾತಿನ ಒಪ್ಪಂದವನ್ನು ಈ ವಾರವೇ ಕಾಗದಕ್ಕೆ ಇಳಿಸಿ. ಹಣ ಬಂದಾಗ ಯಾವ ಕ್ರಮದಲ್ಲಿ ಹೊರಗೆ ಹೋಗಬೇಕೆಂಬುದು ಅದರಲ್ಲಿ ಇರಬೇಕು. ನನ್ನ ಸಲಹೆ ಕೇಳಿದರೆ, ಮೊದಲು ಸಂಕಲನದ ಸಹಾಯಕರ ಬಾಕಿ, ಆಮೇಲೆ ಊರಿನವರ ಕೈಗಡ, ಆಮೇಲೆ ಹಣ ತೆಗೆದುಕೊಳ್ಳದೆ ದುಡಿದ ಎಂಟು ಮಂದಿಯ ಸಂಭಾವನೆ, ಉಳಿದರೆ ಲಾಭದ ಹಂಚಿಕೆ. ಬರಹಗಾರ್ತಿಯ ಹಕ್ಕನ್ನು ಬೇರೆಯಾಗಿಯೇ ಬರೆಯಿರಿ. 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಬಂದದ್ದೇ ಬರಹಗಾರರೂ ಸಂಗೀತಗಾರರೂ ರಾಯಧನವನ್ನು ಪೂರ್ತಿ ಬಿಟ್ಟುಕೊಟ್ಟು ಬರಿಗೈಯಾಗುವುದನ್ನು ತಡೆಯಲು. ಕಥೆಯನ್ನು ಅಂಧೇರಿಯ ಚಿತ್ರಕಥೆಗಾರರ ಸಂಘದಲ್ಲಿ ಅವರು ನೋಂದಾಯಿಸಿರದಿದ್ದರೆ ಈಗಲಾದರೂ ನೋಂದಾಯಿಸಲಿ.

ಬಿಡುಗಡೆಯ ವಿಷಯಕ್ಕೆ ಬಂದರೆ, ಅಂತರ್ಜಾಲದಲ್ಲಿ ತೋರಿಸುವ ಧಾರಾವಾಹಿಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಡ. ಒಟಿಟಿಗಳು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ವಯಸ್ಸಿನ ವರ್ಗವನ್ನು ತಾವೇ ಸೂಚಿಸುತ್ತವೆ. ಕನ್ನಡದ ಮಟ್ಟಿಗೆ ನಿಮ್ಮ ಕಣ್ಣಮುಂದೆ ಇರಬೇಕಾದ ಉದಾಹರಣೆ 'ಏಕಂ'. ಕರಾವಳಿಯ ಏಳು ಕಥೆಗಳ ಆ ಸರಣಿಯನ್ನು ಕೊಳ್ಳಲು ದೊಡ್ಡ ವೇದಿಕೆಗಳು ಮುಂದೆ ಬರದಿದ್ದಾಗ, ಸಿದ್ಧವಾಗಿ ವರ್ಷಗಳು ಕಳೆದ ಮೇಲೆ, ನಿರ್ಮಾಪಕರು 2024ರ ಜುಲೈಯಲ್ಲಿ ತಮ್ಮದೇ ಜಾಲತಾಣದಲ್ಲಿ 149 ರೂಪಾಯಿಗೆ ಬಿಡುಗಡೆ ಮಾಡಿದರು. ಅದರ ಹಿಂದೆ ರಕ್ಷಿತ್ ಶೆಟ್ಟಿಯವರ ಸಂಸ್ಥೆಯಿತ್ತು, ತೆರೆಯ ಮೇಲೆ ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಇದ್ದರು. ಅಂಥವರಿಗೇ ಬಾಗಿಲು ತೆರೆಯಲಿಲ್ಲವೆಂದ ಮೇಲೆ, ಹೆಸರಿಲ್ಲದ ನಾವು ವೇದಿಕೆಗಳ ಉತ್ತರಕ್ಕಾಗಿ ಕಾಯುತ್ತಾ ಕೂರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಯೂಟ್ಯೂಬ್‌ನಲ್ಲಿ ಜಾಹೀರಾತಿನ ಹಣದಲ್ಲಿ ಶೇಕಡಾ 55 ನಿಮಗೆ ಬರುತ್ತದೆ, ಆದರೆ ಅದಕ್ಕೆ ಮೊದಲು 1,000 ಚಂದಾದಾರರೂ ವರ್ಷದೊಳಗೆ 4,000 ಗಂಟೆಗಳ ವೀಕ್ಷಣೆಯೂ ಆಗಿರಬೇಕು. ಹೊಸ ಚಾನೆಲ್‌ಗೆ ಆರು ಕಂತುಗಳು ಸಾಲುವುದಿಲ್ಲ. ನನ್ನ ಸಲಹೆಯೆಂದರೆ ಮೊದಲ ಕಂತನ್ನು ಅಲ್ಲಿ ಉಚಿತವಾಗಿ ಹಾಕಿ, ಉಳಿದ ಐದನ್ನು ಒಂದು ಸಣ್ಣ ಬೆಲೆಗೆ ನೀವೇ ಮಾರಿ.

ಪಣಜಿ

ಚಿತ್ರಗಳನ್ನು ಕೊಳ್ಳುವವರೂ ಮಾರುವವರೂ ಸೇರುವ ಇಲ್ಲಿನ ಫಿಲ್ಮ್ ಬಜಾರ್‌ಗೆ ತರುವ ಯೋಚನೆ ಇದ್ದರೆ ಒಂದು ಮಾತು. 2004ರಿಂದ ಅಂತರರಾಷ್ಟ್ರೀಯ ಚಿತ್ರೋತ್ಸವ ಇಲ್ಲಿ ನಡೆಯುತ್ತಿದೆ, ಬಜಾರ್ 2007ರಲ್ಲಿ ಶುರುವಾಯಿತು, 2023ರಿಂದ ಉತ್ಸವದಲ್ಲಿ ವೆಬ್ ಸರಣಿಗೂ ಒಂದು ಪ್ರಶಸ್ತಿಯಿದೆ. ಭೇಟಿಗಳು ಆಗುತ್ತವೆ, ಕಾರ್ಡುಗಳು ಕೈಸೇರುತ್ತವೆ. ಆದರೆ ಪ್ರವೇಶ ಶುಲ್ಕ, ನಾಲ್ಕು ದಿನದ ವಸತಿ ಎಲ್ಲ ಸೇರಿದರೆ ನಿಮ್ಮ ಸಂಕಲನದ ಸಹಾಯಕರ ಬಾಕಿಗಿಂತ ಹೆಚ್ಚಾಗಬಹುದು. ಆ ಬಾಕಿ ಮೊದಲು ತೀರಲಿ.

ಕೊತ್ರೂಡ್, ಪುಣೆ

ಠಾಣೆಯವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಸ್ವತಂತ್ರವಾಗಿ ಟೆಲಿವಿಷನ್‌ಗೆ ದುಡಿಯುವುದು ನಮಗೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನದ ಪ್ರಾಯೋಜಿತ ಧಾರಾವಾಹಿಗಳನ್ನು ಹೊರಗಿನ ನಿರ್ಮಾಪಕರೇ ಮಾಡುತ್ತಿದ್ದರು. ಪ್ರಸಾರದ ಶುಲ್ಕ ಕಟ್ಟಿ, ಪ್ರತಿಯಾಗಿ ಸಿಕ್ಕ ಜಾಹೀರಾತಿನ ಸಮಯವನ್ನು ಮಾರಿಕೊಂಡು ಬಂಡವಾಳ ಹಿಂಪಡೆಯಬೇಕಿತ್ತು. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಮಾಡಿದ್ದು ಆ ಕಾಲದಲ್ಲಿ, ಹಿಂದಿಯಲ್ಲಿ, ಆದರೆ ಚಿತ್ರೀಕರಣ ಆಗುಂಬೆಯಲ್ಲಿ. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದ ಹೊನ್ನಾವರದ ಹುಡುಗ ಊರಿನವರನ್ನೇ ನೆಚ್ಚಿ ಅದನ್ನು ಮಾಡಿದರು. ಇಂದು ಹಣದ ದಾರಿ ಬದಲಾಗಿದೆ, ನೆಚ್ಚಬೇಕಾದವರು ಬದಲಾಗಿಲ್ಲ. ಮುಂಬಯಿಯ ಕನ್ನಡ ಸಂಘಗಳ ಸಭಾಂಗಣಗಳಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಂಥ ಕಡೆ, ಮೊದಲು ತೋರಿಸಿ. ಟಿಕೆಟ್ ಇಟ್ಟೇ ತೋರಿಸಿ.

ಅಂಧೇರಿ, ಕಂಠದಾನ

ಗೋರೆಗಾಂವ್‌ನವರೇ, ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೆ ಕೃತಜ್ಞತೆ. ಸಹಾಯಕರು ಕೇಳಲಿಲ್ಲವೆಂದು ಬರೆದಿದ್ದೀರಿ. ನಾವು ಯಾರೂ ಕೇಳುವುದಿಲ್ಲ. ಕೇಳಿದರೆ ಮುಂದಿನ ಕೆಲಸಕ್ಕೆ ಕರೆಯುವುದಿಲ್ಲವೆಂಬ ಭಯ ಎಲ್ಲರಿಗೂ ಇರುತ್ತದೆ, ನೀವು ಎಷ್ಟೇ ಒಳ್ಳೆಯವರಾದರೂ ಇರುತ್ತದೆ. ಈ ಭಯ ನಿಮ್ಮ ಮೂರನೇ ಕಂತಿನಲ್ಲಿ ಎಲ್ಲಿಯೂ ಕಾಣಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ಗಟ್ಟಿಯಾಗಿ ಜಗಳಾಡುತ್ತಾರೆ. ನಿಜವಾದ ಸಾಲಿನಲ್ಲಿ ಅಷ್ಟು ಸದ್ದು ಇರುವುದಿಲ್ಲ.

ಮಾಟುಂಗಾ ಹಿರಿಯ

ತಂಗಿ ಹೇಳಿದ್ದು ನಿಜ, ಸದ್ದು ಇರುವುದಿಲ್ಲ. ಆದರೆ ನಗು ಇರುತ್ತಿತ್ತು. ನೆನಪಾದದ್ದನ್ನು ಹೇಳುತ್ತೇನೆ.

ನಮ್ಮ ಸಾಲಿನಲ್ಲಿ ಮೀರಜಿನ ಕಡೆಯ ಒಬ್ಬ ಲೈಟ್‌ಮನ್ ಇದ್ದ. ಮ್ಯಾನೇಜರು ಹೇಗೆ ಕನ್ನಡಕ ಒರೆಸುತ್ತಾನೆ, ಹೇಗೆ ರಿಜಿಸ್ಟರಿನ ಪುಟವನ್ನು ಎಂಜಲು ಬೆರಳಿನಿಂದ ತಿರುವುತ್ತಾನೆ, ಹೇಗೆ 'ಚೆಕ್‌ಬುಕ್ ಮನೆಯಲ್ಲಿದೆ' ಎಂದು ಅಂಗಿಯ ಜೇಬು ಮುಟ್ಟಿಕೊಳ್ಳುತ್ತಾನೆ, ಎಲ್ಲವನ್ನೂ ಒಂದೂ ಮಾತಿಲ್ಲದೆ ಮಾಡಿ ತೋರಿಸುತ್ತಿದ್ದ. ನಾವು ಬಾಯಿಗೆ ಟವೆಲ್ಲು ತುರುಕಿಕೊಂಡು ನಗುತ್ತಿದ್ದೆವು, ಒಳಗೆ ಕೇಳಿಸಬಾರದಲ್ಲ. ಬಾಗಿಲು ತೆರೆದರೆ ಎಲ್ಲರ ಮುಖವೂ ಕಲ್ಲು. ಹಾಗೆ ನಕ್ಕದ್ದರಿಂದಲೇ ಮರುದಿನ ಮತ್ತೆ ಆ ಸಾಲಿನಲ್ಲಿ ನಿಲ್ಲಲು ಆಗುತ್ತಿತ್ತು.

ನಿಮ್ಮ ಮುದುಕ ನಲವತ್ತು ವರ್ಷ ಸೆಟ್ಟಿನಲ್ಲಿ ಕಳೆದವನು. ದೊಡ್ಡ ದೊಡ್ಡ ನಟರನ್ನು ಹತ್ತು ಅಡಿ ದೂರದಿಂದ ನೋಡಿದವನು. ಅವನಿಗೆ ನಟನೆ ಬಾರದೇ? 'ಸಾಹೇಬ್ ಆ ಗಯೇ' ಎಂದು ಅಭ್ಯಾಸದಿಂದ ಕೂಗಿಸಬೇಡಿ. ಸಾಲಿನವರಿಗೆ ಎಚ್ಚರಿಕೆ ಕೊಡಲು ಕೂಗಲಿ. ಒಬ್ಬ ಮ್ಯಾನೇಜರನ ಅಣಕು ಮಾಡುತ್ತಿರಲಿ, ಮುದುಕ ಬಾಗಿಲು ಕಾಯುತ್ತಿರಲಿ. ಬಾಗಿಲು ಅಲುಗಿದ ಕೂಡಲೇ ಅವನು ತನಗೆ ಗೊತ್ತಿರುವ ಆ ಒಂದೇ ಮಾತನ್ನು ಕೂಗಲಿ, ಎಲ್ಲರೂ ಕಲ್ಲಾಗಲಿ. ನಾಲ್ಕು ಸಲ ಚಹಾದ ಹುಡುಗನೇ ಬರಲಿ. ಐದನೆಯ ಸಲ ನಿಜವಾಗಿ ಸಾಹೇಬನೇ ಬಂದು ಎಲ್ಲರ ಮುಂದೆಯೇ ಕಾರು ಹತ್ತಿ ಹೋಗಿಬಿಡಲಿ. ಆಗ ಪುಣೆಯ ತಂಗಿ ಹೇಳಿದ ಹಾಗೆ ಮುದುಕನ ಮುಖದ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲಿ.

ಗೋರೆಗಾಂವ್ ಪೂರ್ವ

ನಿನ್ನೆ ರಾತ್ರಿ ತಂಡದವರೆಲ್ಲ ಕೂತು ಹಿರಿಯರ ಮಾತನ್ನು ಎರಡು ಸಲ ಓದಿದೆವು. ಬರಹಗಾರ್ತಿ ಬೆಳಗಾಗುವುದರೊಳಗೆ ದೃಶ್ಯವನ್ನು ಹೊಸದಾಗಿ ಬರೆದಿದ್ದಾರೆ. ಮುದುಕನಿಗೆ ವಿಜಯಪುರದ ಕಡೆಯ ಕನ್ನಡ ಬಂದಿದೆ, ಸಾಲಿನಲ್ಲಿ ಪಕ್ಕದವನೊಡನೆ ಮೆಲುದನಿಯಲ್ಲಿ ಮೊಮ್ಮಗಳ ಪರೀಕ್ಷೆಯ ಮಾತಾಡುತ್ತಾನೆ. ಹನ್ನೊಂದು ಸೆಕೆಂಡಿನ ಆ ಹಳೆಯ ಶಾಟನ್ನು ಹಾರ್ನ್ ಸಮೇತ ಇಟ್ಟುಕೊಳ್ಳುತ್ತೇವೆ; ಈಗ ಅದು ಸಾಹೇಬನ ಕಾರಿನ ಹಾರ್ನ್.

ಬಿಡುಗಡೆಗೆಂದು ಎತ್ತಿಟ್ಟಿದ್ದ ಹಣದಿಂದ ಸಂಕಲನದ ಸಹಾಯಕರಿಬ್ಬರ ಬಾಕಿಯನ್ನು ಇಂದು ಮಧ್ಯಾಹ್ನ ಪೂರ್ತಿ ಕೊಟ್ಟೆವು. ಒಪ್ಪಂದದ ಕರಡನ್ನು ಠಾಣೆಯವರಿಗೆ ಕಳುಹಿಸುತ್ತೇನೆ. ಬರುವ ಭಾನುವಾರ ಅರ್ಧ ದಿನದ ಮರುಚಿತ್ರೀಕರಣ: ಬೆಳಿಗ್ಗೆ 7ಕ್ಕೆ ಕಾಲ್, ಮಧ್ಯಾಹ್ನ 2ಕ್ಕೆ ಪ್ಯಾಕಪ್. ಹಿರಿಯರೇ, ಮ್ಯಾನೇಜರನ ಅಣಕು ಮಾಡುವ ಲೈಟ್‌ಮನ್ ಪಾತ್ರಕ್ಕೆ ತಾವೇ ಬರಬೇಕೆಂದು ನಮ್ಮೆಲ್ಲರ ಬಿನ್ನಹ. ಶಿಫ್ಟಿನ ಹಣ ಅಂದೇ, ಪ್ಯಾಕಪ್ ಆದ ಕೂಡಲೇ.

ಮಾಟುಂಗಾ ಹಿರಿಯ

ಬರುತ್ತೇನೆ. ಕಿಂಗ್ಸ್ ಸರ್ಕಲ್‌ನಿಂದ ಹಾರ್ಬರ್ ಲೈನಿನ ಗಾಡಿ ನೇರ ಗೋರೆಗಾಂವ್‌ಗೇ ಬರುತ್ತದೆ, ವಾಹನ ಕಳುಹಿಸಬೇಡಿ. ಹಳೆಯ ಟವೆಲ್ಲೊಂದು ತರುತ್ತೇನೆ. ಸೆಟ್ಟಿನವರು ಹೊಸದು ಕೊಂಡರೆ ಅದು ನೀರು ಕಂಡಿರುವುದಿಲ್ಲ, ತೆರೆಯ ಮೇಲೆ ಗೊತ್ತಾಗಿಬಿಡುತ್ತದೆ. ರಿಜಿಸ್ಟರು ಉದ್ದನೆಯದಾಗಿರಲಿ, ಕೆಂಪು ರಟ್ಟಿನದು.